ನಮ್ಮ ಸಾಲ ಗೋಡೆ ಮೇಲೆ, ಕಾರ್ಖಾನೆ ಸಾಲ ಬೀರುವಿನೊಳಗೆ

ಕೊರೋನಾ ಕಾಲದಲ್ಲಿ ಸಣ್ಣ ಕೈಗಾರಿಕೆಗಳಿಗೆ ಸರ್ಕಾರದ ಖಾತರಿಯ ಮೇಲೆ ಲಕ್ಷಾಂತರ ಕೋಟಿ ರೂಪಾಯಿ ಸಾಲ ಹೋಯಿತು. ಅದು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ? ಪೀಣ್ಯದ ಒಂದು ಶೆಡ್ಡಿನಲ್ಲಿ ಹುಟ್ಟಿದ ಪ್ರಶ್ನೆ ಇದು. ಉತ್ತರ ಹುಡುಕುತ್ತಾ ಹೋದರೆ ನಮ್ಮ ಬೆಳೆ ಸಾಲದ ಪಟ್ಟಿಯ ಹತ್ತಿರವೇ ಬಂದು ನಿಲ್ಲುತ್ತದೆ.

2020ರ ಆಗಸ್ಟ್ ತಿಂಗಳು. ನಮ್ಮ ಶಿರಾ ಕಡೆ ಕಡಲೆಕಾಯಿ ಹೂವಾಗಿ ಕಾಯಿ ಕಟ್ಟುವ ಹೊತ್ತು. ಪಕ್ಕದ ಹೊಲದವರ ಕೊಳವೆಬಾವಿ ಪಂಪಿನ ಬುಷ್ ಸವೆದು ಹೋಗಿತ್ತು. ಶಿರಾದ ಅಂಗಡಿಗಳಲ್ಲಿ ವಿಚಾರಿಸಿದರೆ ‘ಲಾಕ್‌ಡೌನ್ ಆದ ಮೇಲೆ ಮಾಲೇ ಬಂದಿಲ್ಲ’ ಎಂದರು. ನನ್ನ ಅಕ್ಕನ ಮಗ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿದ್ದಾನೆ. ಹಳೆ ಬುಷ್ ಕೊಟ್ಟರೆ ಅದೇ ಅಳತೆಗೆ ಹೊಸದು ತಿರುವಿ ಕೊಡುತ್ತಾನೆ. ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಇಳಿದು ಶೆಡ್ಡಿಗೆ ನಡೆದೆ.

ಶೆಡ್ಡಿನಲ್ಲಿ ಎರಡು ಲೇತ್ ಇರಬೇಕಿತ್ತು, ಒಂದೇ ಇತ್ತು. ಇನ್ನೊಂದು ಇದ್ದ ಜಾಗದಲ್ಲಿ ನೆಲಕ್ಕೆ ಬಿಗಿದಿದ್ದ ಬೋಲ್ಟಿನ ತೂತು, ಎಣ್ಣೆಯ ಕಲೆ ಮಾತ್ರ.

‘ಇನ್ನೊಂದು ಮಿಷನ್ ಎಲ್ಲಪ್ಪಾ?’ ಎಂದೆ.

‘ಕೊಟ್ಬಿಟ್ಟೆ ಮಾವ. ನಾಲ್ಕು ತಿಂಗಳ ಬಾಡಿಗೆ ನಿಂತಿತ್ತು. ಹುಡುಗರು ಊರಿಗೆ ಹೊರಟಾಗ ಕೈಗೆ ಏನಾದ್ರೂ ಕೊಡಬೇಕಲ್ಲ.’

‘ಸರ್ಕಾರ ಸಣ್ಣ ಕಾರ್ಖಾನೆಗೆ ಸಾಲ ಕೊಡ್ತಿದೆ ಅಂತ ಟಿವೀಲಿ ಬಂತಲ್ಲ?’

‘ಅದು ಸಾಲ ಇರೋರಿಗೆ ಮಾವ. ನನಗೆ ಸಾಲ ಇಲ್ವಲ್ಲ!’

ಆವತ್ತು ಆ ಮಾತು ನನಗೆ ಅರ್ಥವಾಗಲಿಲ್ಲ. ಸಾಲ ಇದ್ದವನಿಗೆ ಸಾಲ, ಇಲ್ಲದವನಿಗೆ ಇಲ್ಲ ಎಂದರೆ ಏನು ನ್ಯಾಯ? ಆಮೇಲೆ ಪೇಪರು ಓದಿ, ಅವರಿವರನ್ನು ಕೇಳಿ ಒಂದಷ್ಟು ತಿಳಿದುಕೊಂಡೆ. ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಪೀಣ್ಯದ ಶೆಡ್ಡುಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ಅವರು ಕಳಿಸುವ ದುಡ್ಡಿನಲ್ಲಿ. ಆದ್ದರಿಂದ ಇದು ಬೆಂಗಳೂರಿನವರ ವಿಷಯ, ನಮಗೇಕೆ ಎಂದು ಪುಟ ತಿರುಗಿಸಬೇಡಿ.

ಯೋಜನೆ ಏನಿತ್ತು?

2020ರ ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮೇ 13ರಂದು ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ತುರ್ತು ಸಾಲ ಖಾತರಿ ಯೋಜನೆಯನ್ನು ಪ್ರಕಟಿಸಿದರು. ಬ್ಯಾಂಕಿನವರು ಇದನ್ನು ಇಸಿಎಲ್‌ಜಿಎಸ್ ಎನ್ನುತ್ತಾರೆ. ಮೊದಲು 3 ಲಕ್ಷ ಕೋಟಿ ರೂಪಾಯಿ ಎಂದರು. ಆಮೇಲೆ ನಾಲ್ಕೂವರೆ ಲಕ್ಷ ಕೋಟಿ ಮಾಡಿದರು, ಕೊನೆಗೆ 5 ಲಕ್ಷ ಕೋಟಿಗೆ ಏರಿಸಿದರು. 2023ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು.

ಇದರಲ್ಲಿ ಸರ್ಕಾರ ತಾನೇ ದುಡ್ಡು ಕೊಡಲಿಲ್ಲ. ದುಡ್ಡು ಕೊಟ್ಟಿದ್ದು ಬ್ಯಾಂಕು. ಸಾಲಗಾರ ಕಟ್ಟದೇ ಹೋದರೆ ಪೂರ್ತಿ ನಷ್ಟ ತುಂಬಿಕೊಡುತ್ತೇನೆ ಎಂದು ಸರ್ಕಾರ ತನ್ನ ಟ್ರಸ್ಟೀ ಕಂಪನಿಯೊಂದರ ಮೂಲಕ ಜಾಮೀನು ನಿಂತಿತು. ಊರಲ್ಲಿ ಸೊಸೈಟಿ ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತೇವಲ್ಲ, ಹಾಗೆ. ಇದಕ್ಕಾಗಿ ಆ ವರ್ಷ ಮತ್ತು ಮುಂದಿನ ಮೂರು ವರ್ಷಕ್ಕೆ 41,600 ಕೋಟಿ ರೂಪಾಯಿ ತೆಗೆದಿಡಲು ಸಂಪುಟ ಒಪ್ಪಿತು. ಅದು ನಿಮ್ಮದು, ನನ್ನದು, ಬೆಂಕಿಪೊಟ್ಟಣ ಕೊಳ್ಳುವ ಎಲ್ಲರದೂ ತೆರಿಗೆ ದುಡ್ಡು. ಅದಕ್ಕೇ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ.

ಸಾಲಕ್ಕೆ ಹೊಸ ಅಡಮಾನ ಬೇಡ. ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಅಸಲು ಕಟ್ಟುವಂತಿಲ್ಲ. ಬಡ್ಡಿ ಬ್ಯಾಂಕಿನಲ್ಲಾದರೆ ಹೆಚ್ಚೆಂದರೆ ಶೇ. 9.25, ಖಾಸಗಿ ಫೈನಾನ್ಸ್ ಕಂಪನಿಯಲ್ಲಾದರೆ ಶೇ. 14. ಕಷ್ಟದಲ್ಲಿ ಇದ್ದವನಿಗೆ ಒಳ್ಳೆಯ ಷರತ್ತುಗಳೇ. ಅಲ್ಲಿಯವರೆಗೆ ನಾನೂ ಮೆಚ್ಚುತ್ತೇನೆ.

ಸೊನ್ನೆಯ ಇಪ್ಪತ್ತು ಪರ್ಸೆಂಟ್

ತೊಡಕು ಇದ್ದಿದ್ದು ಸಾಲದ ಅಳತೆಯಲ್ಲಿ. 2020ರ ಫೆಬ್ರವರಿ 29ಕ್ಕೆ ನಿಮ್ಮ ಹೆಸರಲ್ಲಿ ಎಷ್ಟು ವ್ಯವಹಾರ ಸಾಲ ಬಾಕಿ ಇತ್ತೋ ಅದರ ಶೇ. 20ರಷ್ಟು ಹೊಸ ಸಾಲ. ಮೊದಲ ನಿಯಮದಲ್ಲಿ 25 ಕೋಟಿವರೆಗೆ ಬಾಕಿ, 100 ಕೋಟಿವರೆಗೆ ವಹಿವಾಟು ಇದ್ದವರಿಗೆ ಅವಕಾಶ ಇತ್ತು. ಕಂತು 60 ದಿನಕ್ಕಿಂತ ಹೆಚ್ಚು ತಪ್ಪಿರಬಾರದು.

ಲೆಕ್ಕ ಹಾಕಿ ನೋಡಿ. 25 ಕೋಟಿ ಬಾಕಿ ಇದ್ದವನಿಗೆ 5 ಕೋಟಿ ಸಿಗುತ್ತದೆ. 4 ಲಕ್ಷ ಬಾಕಿ ಇದ್ದವನಿಗೆ 80 ಸಾವಿರ. ಬಾಕಿಯೇ ಇಲ್ಲದವನಿಗೆ? ಸೊನ್ನೆಯ ಇಪ್ಪತ್ತು ಪರ್ಸೆಂಟ್ ಸೊನ್ನೆ. ನಾನು ಏಳನೇ ಕ್ಲಾಸು ಓದಿದವನು, ಈ ಲೆಕ್ಕ ನನಗೂ ಬರುತ್ತದೆ.

ನನ್ನ ಅಕ್ಕನ ಮಗ ಸೊನ್ನೆಯ ಸಾಲಿನವನು. ಹತ್ತು ವರ್ಷ ಕೂಲಿ ಮಾಡಿ ಉಳಿಸಿದ ದುಡ್ಡಲ್ಲಿ ಮೊದಲ ಲೇತ್ ತಗೊಂಡ. ಚೀಟಿ ಎತ್ತಿ, ಹೆಂಡತಿ ಒಡವೆ ಅಡ ಇಟ್ಟು ಎರಡನೆಯದು. ಬ್ಯಾಂಕಿನಲ್ಲಿ ಒಂಬತ್ತು ವರ್ಷದ ಕರೆಂಟ್ ಅಕೌಂಟ್ ಇದೆ, ಜಿಎಸ್‌ಟಿ ಕಟ್ಟುತ್ತಾನೆ. ಮಿಷನ್ ಸಾಲ ಮಾತ್ರ ಬ್ಯಾಂಕಿನಲ್ಲಿ ಮಾಡಿಲ್ಲ. ಅವನು ಹೋಗಿ ಕೇಳಿದಾಗ ಕೌಂಟರಿನಲ್ಲಿದ್ದವರು ‘ನಿಮ್ಮದು ನಮ್ಮಲ್ಲಿ ಲೋನೇ ಇಲ್ಲ, ಬರಲ್ಲ ಹೋಗಿ’ ಎಂದರಂತೆ. ಅರ್ಜಿ ತಗೊಳ್ಳಲಿಲ್ಲ, ಚೀಟಿ ಕೊಡಲಿಲ್ಲ. ಯಾವ ಪುಸ್ತಕದಲ್ಲೂ ಇವನು ಬಂದು ಹೋದ ಗುರುತಿಲ್ಲ.

ಅದೇ ಸಾಲಿನ ನಾಲ್ಕನೇ ಶೆಡ್ಡಿನವರಿಗೆ ಬ್ಯಾಂಕಿನಲ್ಲಿ ಮೊದಲೇ ಸಾಲದ ಲಿಮಿಟ್ ಇತ್ತು. ಅವರಿಗೆ ಮೊಬೈಲಿಗೇ ಮೆಸೇಜ್ ಬಂತು. ಅವರು ಕೆಟ್ಟವರಲ್ಲ. ಬಂದ ದುಡ್ಡಿನಲ್ಲಿ ಕೆಲಸದವರ ಸಂಬಳ ಕೊಟ್ಟರು, ಕಬ್ಬಿಣದ ಅಂಗಡಿ ಬಾಕಿ ತೀರಿಸಿದರು, ಕಂತು ಕಟ್ಟಿದರು. ಅವರಿಗೆ ಸಿಕ್ಕಿದ್ದು ಸರಿ. ಇವನಿಗೆ ಸಿಗದೇ ಹೋಗಿದ್ದು ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ನಾನು ಹೇಳುತ್ತಿರುವುದು ಇಷ್ಟೇ.

ಇನ್ನೊಂದು ಗಮನಿಸಿ. ಮೊದಲ ನಿಯಮದಲ್ಲಿ ವ್ಯಕ್ತಿಯ ಸ್ವಂತ ಹೆಸರಿನಲ್ಲಿ ಮಾಡಿದ ವ್ಯವಹಾರ ಸಾಲಕ್ಕೆ ಅವಕಾಶ ಇರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಸೇರಿಸಿದರು. ಜೊತೆಗೆ ಬಾಕಿಯ ಮಿತಿಯನ್ನು 50 ಕೋಟಿಗೂ ವಹಿವಾಟಿನ ಮಿತಿಯನ್ನು 250 ಕೋಟಿಗೂ ಏರಿಸಿದರು. ಮೇಲಿನವರಿಗೆ ಮಿತಿ ಏರಿತು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಒಣಬೇಸಾಯದವನಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆ ನೀರು ಮೊದಲು ಹೋಗುವುದು ಮೊದಲೇ ತೇವ ಇರುವ ಗದ್ದೆಗೆ. ಬೆದ್ದಲಿನವನು ಮೋಡ ನೋಡುತ್ತಾ ನಿಂತಿರಬೇಕು.

ಆರರಲ್ಲಿ ಒಂದು ಖಾತೆ

ಯೋಜನೆಯಿಂದ ಉಪಯೋಗವೇ ಆಗಲಿಲ್ಲ ಎನ್ನುವುದು ತಪ್ಪು. 2023ರ ಜನವರಿ ಕೊನೆಗೆ 1.19 ಕೋಟಿ ಸಾಲಗಾರರಿಗೆ 3.61 ಲಕ್ಷ ಕೋಟಿ ರೂಪಾಯಿ ಮೊತ್ತದ ಖಾತರಿ ಕೊಟ್ಟಿದ್ದೇವೆ ಎಂದು ಸರ್ಕಾರ ಹೇಳಿದೆ. ಸ್ಟೇಟ್ ಬ್ಯಾಂಕಿನ ಸಂಶೋಧನಾ ವಿಭಾಗ 2022ರ ಜನವರಿಯಲ್ಲಿ ಒಂದು ವರದಿ ಬಿಟ್ಟಿತು. ಅದರ ಅಂದಾಜಿನಲ್ಲಿ ಸುಮಾರು 13.5 ಲಕ್ಷ ಘಟಕಗಳು ಮುಳುಗದೆ ಉಳಿದವು, ಒಂದೂವರೆ ಕೋಟಿ ಕೆಲಸ ಉಳಿಯಿತು. ನಾಲ್ಕನೇ ಶೆಡ್ಡಿನವರನ್ನು ನೋಡಿದ ನಾನು ಇದನ್ನು ಅಲ್ಲಗಳೆಯುವುದಿಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. 2021ರ ಜುಲೈನಲ್ಲಿ ಸಂಸತ್ತಿನ ಕೈಗಾರಿಕಾ ಸ್ಥಾಯಿ ಸಮಿತಿ ತನ್ನ ವರದಿಯಲ್ಲಿ ಈ ಪ್ಯಾಕೇಜ್ ಸಾಲದು ಎಂದಿತು. ಕೈಗೆ ದುಡ್ಡು ಓಡಾಡುವಂತೆ ಮಾಡುವ ಬದಲು ಹೆಚ್ಚಾಗಿ ಸಾಲವನ್ನೇ ಮುಂದಿಟ್ಟಿದ್ದೀರಿ ಎಂಬುದು ಅವರ ಆಕ್ಷೇಪ. ಆರ್ಡರ್ ಇಲ್ಲದ ಲೇತಿಗೆ ಸಾಲ ಕೊಟ್ಟರೆ ಲೇತ್ ತಿರುಗುತ್ತದೆಯೇ? ಮಳೆ ಇಲ್ಲದ ವರ್ಷ ಗೊಬ್ಬರಕ್ಕೆ ಸಾಲ ಕೊಟ್ಟ ಹಾಗೆ.

2022ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಲೆಕ್ಕ ತರಿಸಿತು. ಸುಮಾರು 98.86 ಲಕ್ಷ ಖಾತೆಗಳಲ್ಲಿ 16.22 ಲಕ್ಷ ಖಾತೆಗಳು ಕೆಟ್ಟ ಸಾಲವಾಗಿದ್ದವು. ಅಂದರೆ ಆರರಲ್ಲಿ ಒಂದು. ಆ ಖಾತೆಗಳ ಮೊತ್ತ ಸುಮಾರು 11,893 ಕೋಟಿ.

ಇದನ್ನು ಓದಿದವರು ‘ನೋಡಿ, ಸಾಲ ತಗೊಂಡು ಎತ್ತಿ ಹಾಕಿದರು’ ಎಂದರು. ನಾನು ಮಗಳ ಮೊಬೈಲಿನಲ್ಲಿ ಭಾಗಾಕಾರ ಮಾಡಿದೆ. ಕೆಟ್ಟ ಖಾತೆಯೊಂದಕ್ಕೆ ಸರಾಸರಿ 73 ಸಾವಿರ ರೂಪಾಯಿ ಚಿಲ್ಲರೆ ಬಂತು. ಹಾಗಾದರೆ ಬಿದ್ದವರಲ್ಲಿ ಬಹಳ ಜನ 50 ಸಾವಿರ, 80 ಸಾವಿರ ತಗೊಂಡ ಟೀ ಅಂಗಡಿ, ಹೊಲಿಗೆ ಮಿಷನ್, ಸಣ್ಣ ಶೆಡ್ಡಿನವರೇ ಇರಬೇಕು. 5 ಕೋಟಿ ತಗೊಂಡವರು ಈ ಸರಾಸರಿಯಲ್ಲಿ ಹೆಚ್ಚು ಇರಲಾರರು. ಕಳ್ಳರನ್ನು ಹುಡುಕಲು ಹೊರಟರೆ ಸಿಗುವುದು ಬಡವರು. ಆದ್ದರಿಂದ ಲೆಕ್ಕ ಕೇಳುವಾಗ ಏನನ್ನು ಕೇಳಬೇಕು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು.

ಅಮೆರಿಕದಲ್ಲಿ ಹೆಸರುಗಳು ಹೊರಗೆ ಬಂದವು

ಇದೇ ಹೊತ್ತಿನಲ್ಲಿ ಅಮೆರಿಕದಲ್ಲೂ ಸಣ್ಣ ವ್ಯವಹಾರಗಳಿಗೆ ಪರಿಹಾರ ಸಾಲ ಕೊಟ್ಟರು. ಪಿಪಿಪಿ ಎಂದು ಹೆಸರು. ಕೆಲಸದವರ ಸಂಬಳಕ್ಕೆ ಖರ್ಚು ಮಾಡಿದ್ದಕ್ಕೆ ಲೆಕ್ಕ ತೋರಿಸಿದರೆ ಸಾಲವೇ ಮನ್ನಾ. ಒಟ್ಟು ಸುಮಾರು 80,000 ಕೋಟಿ ಡಾಲರ್.

ಯಾರಿಗೆ ಎಷ್ಟು ಹೋಯಿತೆಂದು ಅಲ್ಲಿಯ ಸರ್ಕಾರ ಮೊದಲು ಹೇಳಲಿಲ್ಲ. ಗದ್ದಲ ಆದ ಮೇಲೆ 2020ರ ಜುಲೈನಲ್ಲಿ ಒಂದೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ಪಡೆದವರ ಹೆಸರು ಬಿಟ್ಟಿತು. ಪತ್ರಿಕೆಗಳು ಕೋರ್ಟಿಗೆ ಹೋದವು. ಕೋರ್ಟಿನ ಆದೇಶದ ಮೇಲೆ ಡಿಸೆಂಬರ್‌ನಲ್ಲಿ ಎಲ್ಲರ ಹೆಸರು, ಮೊತ್ತ ಹೊರಗೆ ಬಂತು. ಅದಕ್ಕೂ ಮೊದಲು, ಏಪ್ರಿಲ್‌ನಲ್ಲೇ, ದೊಡ್ಡ ಹೋಟೆಲ್ ಕಂಪನಿಯಾದ ಶೇಕ್ ಶಾಕ್ ಜನರ ಸಿಟ್ಟಿಗೆ ಹೆದರಿ ಒಂದು ಕೋಟಿ ಡಾಲರ್ ವಾಪಸ್ ಮಾಡಿತ್ತು. ಲಾಸ್ ಏಂಜಲೀಸಿನ ಹೆಸರಾಂತ ಬಾಸ್ಕೆಟ್‌ಬಾಲ್ ತಂಡ ಲೇಕರ್ಸ್ ಕೂಡ ತಾನು ಪಡೆದ 46 ಲಕ್ಷ ಡಾಲರ್ ಹಿಂದಿರುಗಿಸಿತ್ತು. ಜನ ನೋಡುತ್ತಾರೆ ಎಂಬ ಭಯಕ್ಕೆ ಅಷ್ಟು ಬೆಲೆ ಇದೆ.

ಅಲ್ಲಿ ಮೋಸವೂ ಸಣ್ಣದಲ್ಲ. ಸಣ್ಣ ವ್ಯವಹಾರ ಇಲಾಖೆಯ ತಪಾಸಣಾ ಅಧಿಕಾರಿ 2023ರ ಜೂನ್‌ನಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಎರಡು ಕೊರೋನಾ ಸಾಲ ಯೋಜನೆ ಸೇರಿ 20,000 ಕೋಟಿ ಡಾಲರ್‌ಗಿಂತ ಹೆಚ್ಚು ಹಣ ಮೋಸಗಾರರ ಕೈ ಸೇರಿರುವ ಸಂಶಯವಿದೆ.

ಆದರೂ ಒಂದು ಮಾತು. ಅಮೆರಿಕದ ಆ ಉದ್ದ ಪಟ್ಟಿಯಲ್ಲಿ ಇರುವುದು ಪಡೆದವರ ಹೆಸರು. ಬ್ಯಾಂಕಿನ ಬಾಗಿಲಿಗೆ ಹೋಗಿ ಬರಿಗೈಲಿ ವಾಪಸ್ ಬಂದವರು ಎಷ್ಟು ಜನ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ನನ್ನ ಅಕ್ಕನ ಮಗ ಅಲ್ಲಿ ಹುಟ್ಟಿದ್ದರೂ ಆ ಪಟ್ಟಿಯಲ್ಲಿ ಸಿಗುತ್ತಿರಲಿಲ್ಲ.

ನಮ್ಮ ಹೆಸರು ಗೋಡೆ ಮೇಲೆ

ಈಗ ನಮ್ಮ ವಿಷಯಕ್ಕೆ ಬರೋಣ. ರೈತನ ಸಾಲ ಎಂದೂ ಗುಟ್ಟಾಗಿ ಇರಲಿಲ್ಲ. ಕಂತು ತಪ್ಪಿದರೆ ಮನೆ ಮುಂದೆ ತಮಟೆ ಬಡಿಸಿ, ಪಾತ್ರೆ ಪಡಗ ಜಪ್ತಿ ಮಾಡುತ್ತಿದ್ದ ಕಾಲವನ್ನು ನಮ್ಮ ಅಪ್ಪಂದಿರು ನೋಡಿದ್ದಾರೆ. 1980ರ ದಶಕದಲ್ಲಿ ರೈತಸಂಘ ಎದ್ದು ನಿಂತ ಕಾರಣಗಳಲ್ಲಿ ಅದೂ ಒಂದು.

2018ರಲ್ಲಿ ರಾಜ್ಯ ಸರ್ಕಾರ ಬೆಳೆ ಸಾಲ ಮನ್ನಾ ಮಾಡಿತು. ಸಹಕಾರ ಸಂಘದ ಸಾಲ ಒಂದು ಲಕ್ಷದವರೆಗೆ, ಬ್ಯಾಂಕಿನದು ಎರಡು ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡು, ಪಹಣಿಯ ಸರ್ವೆ ನಂಬರು ಮೂರೂ ಹೊಂದಬೇಕು. ನಮ್ಮೂರ ಕಡೆ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ನನ್ನ ಹೆಸರೂ ಇತ್ತು, ಎದುರಿಗೆ ಮೊತ್ತ. ಟೀ ಅಂಗಡಿಯಲ್ಲಿ ಒಬ್ಬ ‘ಏನಣ್ಣಾ, ನಿಂದು ಇಷ್ಟೇನಾ?’ ಎಂದು ನಕ್ಕ. ಮೈ ಉರಿಯಿತು. ಮಗಳಿಗೆ ಸಂಬಂಧ ನೋಡುತ್ತಿದ್ದ ವರ್ಷ ಅದು. ಬೀಗರಾಗುವವರು ಅದನ್ನು ಓದಿದರೆ ಏನು ಗತಿ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಆ ಪಟ್ಟಿಯೇ ನನ್ನನ್ನು ಉಳಿಸಿತು. ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಗೋಡೆ ಮೇಲೆ ಇದ್ದಿದ್ದರಿಂದ ಕಣ್ಣಿಗೆ ಬಿತ್ತು. ಪಹಣಿ ಹಿಡಿದು ಹೋಗಿ ಸರಿ ಮಾಡಿಸಿದೆ, ಮನ್ನಾ ಆಯಿತು. ಬೀರುವಿನೊಳಗೆ ಇದ್ದಿದ್ದರೆ ‘ನಿಂದು ಬಂದಿಲ್ಲ’ ಎಂಬ ಒಂದು ಮಾತಿಗೆ ತಲೆ ಬಗ್ಗಿಸಿ ಮನೆಗೆ ಬರುತ್ತಿದ್ದೆ.

2008ರ ಕೇಂದ್ರದ ಸಾಲ ಮನ್ನಾದಲ್ಲೂ ಹೀಗೇ. ಸುಮಾರು 4.29 ಕೋಟಿ ರೈತರಿಗೆ 52,516 ಕೋಟಿ ರೂಪಾಯಿ ಮನ್ನಾ, ರಿಯಾಯಿತಿ ಸಿಕ್ಕಿತು. ಆಮೇಲೆ ಸಿಎಜಿ, ಅಂದರೆ ಮಹಾಲೇಖಪಾಲರು, 90,576 ಖಾತೆಗಳನ್ನು ತೆಗೆದು ಪರೀಕ್ಷೆ ಮಾಡಿದರು. 2013ರ ಮಾರ್ಚ್‌ನಲ್ಲಿ ಸಂಸತ್ತಿನ ಮುಂದೆ ಬಂದ ವರದಿಯ ಪ್ರಕಾರ ಶೇ. 22ಕ್ಕೂ ಹೆಚ್ಚು ಖಾತೆಗಳಲ್ಲಿ ಲೋಪ. ಪತ್ರಿಕೆಗಳಲ್ಲಿ ಅನರ್ಹರಿಗೆ ಸಿಕ್ಕಿತು ಎಂಬುದೇ ದೊಡ್ಡ ಅಕ್ಷರದಲ್ಲಿ ಬಂತು. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಪಟ್ಟಿಗೆ ಸೇರಿಸದೆ ಬಿಟ್ಟಿದ್ದ 9,334 ಖಾತೆಗಳನ್ನು ನೋಡಿದಾಗ 1,257 ಮಂದಿ ಅರ್ಹರೇ ಆಗಿದ್ದರು. ನೂರಕ್ಕೆ ಹದಿಮೂರು ಜನ! ಸಿಎಜಿ ಬಿಟ್ಟುಹೋದವರ ಕಡೆಗೂ ಕಣ್ಣು ಹಾಯಿಸಿದ್ದರಿಂದ ಅದು ಗೊತ್ತಾಯಿತು. ನಾನು ಮೆಚ್ಚುವ ತಪಾಸಣೆ ಅದು.

ಇವತ್ತಿಗೂ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಪಡೆಯುವ ರೈತರ ಹೆಸರು ಊರುವಾರು ಇಂಟರ್‌ನೆಟ್ಟಿನಲ್ಲಿ ಇದೆ. ಅನರ್ಹರು ಎಂದು ಕಂಡವರಿಗೆ ದುಡ್ಡು ವಾಪಸ್ ಕಟ್ಟಿ ಎಂದು ನೋಟಿಸು ಹೋಗಿದೆ. 6,000ಕ್ಕೆ ಅಷ್ಟು ಬೆಳಕು, 5 ಕೋಟಿಯ ಖಾತರಿಗೆ ಕತ್ತಲು. ಈ ತಾರತಮ್ಯ ಏಕೆ?

ಒಂದು ಮಾತು ಇಲ್ಲೇ ಹೇಳಬೇಕು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಬಿಟ್ಟರಲ್ಲ, ಆ ಅವಧಿಯ ಚಕ್ರಬಡ್ಡಿಯನ್ನು ಎರಡು ಕೋಟಿವರೆಗಿನ ಸಾಲಗಾರರಿಗೆ ಸರ್ಕಾರ ತುಂಬಿಕೊಟ್ಟಿತು. ಸಣ್ಣ ಕೈಗಾರಿಕೆ, ಮನೆ, ಕಾರು ಸಾಲಕ್ಕೆಲ್ಲ ಸಿಕ್ಕಿತು. ಬೆಳೆ ಸಾಲ, ಟ್ರ್ಯಾಕ್ಟರ್ ಸಾಲಕ್ಕೆ ಇಲ್ಲ ಎಂದರು. ಕಾರಿಗೆ ಇದೆ, ಟ್ರ್ಯಾಕ್ಟರಿಗೆ ಇಲ್ಲ. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಸೊಪ್ಪು ಮಾರುವ ಹೆಂಗಸರು

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಸಾಫ್ಟ್‌ವೇರ್ ಕಂಪನಿಗಳು ಬಾಗಿಲು ಹಾಕಿ ಮನೆಯಿಂದ ಕೆಲಸ ಶುರು ಮಾಡಿದವು. ಕಂಪನಿ ಗೇಟಿನ ಮುಂದೆ ಹೂವು, ಸೊಪ್ಪು, ಸೌತೆಕಾಯಿ, ಸೀಬೆಹಣ್ಣು ಮಾರುತ್ತಿದ್ದ ಆನೇಕಲ್, ಹೊಸಕೋಟೆ ಕಡೆಯ ಹೆಂಗಸರ ವ್ಯಾಪಾರ ಒಂದೇ ದಿನಕ್ಕೆ ನಿಂತಿತು. ಇವರೂ ಸಣ್ಣ ವ್ಯವಹಾರದವರೇ, ಜೊತೆಗೆ ರೈತರೂ ಹೌದು.

ಇವರಿಗಾಗಿ 2020ರ ಜೂನ್ 1ರಂದು ಪಿಎಂ ಸ್ವನಿಧಿ ಬಂತು. ಮೊದಲು 10,000 ರೂಪಾಯಿ, ಸರಿಯಾಗಿ ಕಟ್ಟಿದರೆ ಮುಂದೆ 20,000, ಆಮೇಲೆ 50,000. ಬಡ್ಡಿಯಲ್ಲಿ ಶೇ. 7 ಸಹಾಯಧನ. ಇಲ್ಲಿ ಹಳೆ ಸಾಲ ಇರಬೇಕೆಂಬ ಷರತ್ತು ಇರಲಿಲ್ಲ. ಆ ವರ್ಷದ ಮಾರ್ಚ್ 24ಕ್ಕೆ ಮೊದಲಿಂದ ಬೀದಿಯಲ್ಲಿ ಮಾರುತ್ತಿದ್ದರೆ ಸಾಕು. ಸುತ್ತಲ ಹಳ್ಳಿಗಳಿಂದ ಬಂದು ಪಟ್ಟಣದಲ್ಲಿ ಮಾರುವವರಿಗೂ ಶಿಫಾರಸು ಪತ್ರದ ಮೇಲೆ ಅವಕಾಶ ಇತ್ತು. ಈ ಮಟ್ಟಿಗೆ ಇದು ಒಳ್ಳೆಯ ಕಣ್ಣಿನ ಯೋಜನೆ.

ತೊಡಕು ಗಡಿಯಲ್ಲಿ. ಯೋಜನೆ ಪಟ್ಟಣಕ್ಕೆ ಮಾತ್ರ. ಬೆಂಗಳೂರಿನ ಅಂಚಿನಲ್ಲಿ ರಸ್ತೆಯ ಈ ಕಡೆ ನಗರ, ಆ ಕಡೆ ಪಂಚಾಯಿತಿ. ಬುಟ್ಟಿ ಯಾವ ಕಡೆ ಇಟ್ಟಿದ್ದೀರಿ ಎಂಬುದರ ಮೇಲೆ ಸಾಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸುವಾಗ ನಗರದ ಅಂಚಿನ ಪ್ರದೇಶಗಳಿಗೂ ಹಂತ ಹಂತವಾಗಿ ವಿಸ್ತರಿಸಲು ಸಂಪುಟ ಒಪ್ಪಿದೆ. ಮೊದಲ ಕಂತು 15,000, ಎರಡನೆಯದು 25,000 ಆಗಿದೆ. ನಿಮ್ಮ ಮನೆಯವರು ಬುಟ್ಟಿ ಹೊತ್ತು ಪೇಟೆಗೆ ಹೋಗುವವರಾದರೆ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿ.

ಎಲ್ಲರ ಹೆಸರು ಬೇಡ, ಎಲ್ಲದರ ಲೆಕ್ಕ ಬೇಕು

ಹಾಗಾದರೆ ಪೀಣ್ಯದ ಎಲ್ಲ ಸಾಲಗಾರರ ಹೆಸರೂ ಗೋಡೆ ಮೇಲೆ ಬರಬೇಕೇ? ಬೇಡ ಎನ್ನುತ್ತೇನೆ. ಟೀ ಅಂಗಡಿಯ ಆ ನಗು ನನಗೆ ನೆನಪಿದೆ. ನಮಗೆ ಆದ ಅವಮಾನ ಇನ್ನೊಬ್ಬರಿಗೂ ಆಗಲಿ ಎನ್ನುವುದು ನ್ಯಾಯವಲ್ಲ. 80 ಸಾವಿರ ಸಾಲ ಮಾಡಿ ಸಂಬಳ ಕೊಟ್ಟವನ ಹೆಸರು ಊರಿಗೆಲ್ಲ ತಿಳಿದರೆ ನಾಳೆ ಕಬ್ಬಿಣದ ಅಂಗಡಿಯವನು ಉದ್ದರಿ ಕೊಡುವುದಿಲ್ಲ. ಮತ್ತೆ ಇದು ದಾನವಲ್ಲ, ಬಡ್ಡಿ ಸಮೇತ ಕಟ್ಟುವ ಸಾಲ.

ಆದರೆ ಮೂರು ಲೆಕ್ಕ ಹೊರಗೆ ಬರಲೇಬೇಕು.

ಒಂದು: ಪ್ರತಿ ಬ್ಯಾಂಕ್ ಶಾಖೆಯ ಬೋರ್ಡಿನ ಮೇಲೆ ಎಷ್ಟು ಜನ ಕೇಳಿದರು, ಎಷ್ಟು ಜನಕ್ಕೆ ಕೊಟ್ಟರು, ಎಷ್ಟು ಜನಕ್ಕೆ ಇಲ್ಲ ಎಂದರು, ಯಾವ ಕಾರಣಕ್ಕೆ ಎಂಬ ಸಂಖ್ಯೆ. ಹೆಸರು ಬೇಡ, ಸಂಖ್ಯೆ ಸಾಕು.

ಎರಡು: ಲಕ್ಷದೊಳಗೆ ಎಷ್ಟು, ಹತ್ತು ಲಕ್ಷದೊಳಗೆ ಎಷ್ಟು, ಕೋಟಿ ಮೇಲೆ ಎಷ್ಟು ಎಂಬ ವಿಂಗಡಣೆ. ನೀರು ಯಾವ ಗದ್ದೆಗೆ ಹರಿಯಿತು ಎಂಬುದು ಆಗ ಕಾಣುತ್ತದೆ.

ಮೂರು: ಕೋಟಿ ಲೆಕ್ಕದಲ್ಲಿ ಪಡೆದು ಕಟ್ಟದೆ, ಸರ್ಕಾರದ ಖಾತರಿ ದುಡ್ಡು ಖರ್ಚಾಗುವಂತೆ ಮಾಡಿದ ಕಂಪನಿಗಳ ಹೆಸರು. ಅಲ್ಲಿ ನಷ್ಟ ತುಂಬಿದ್ದು ಸಾರ್ವಜನಿಕರು. ಆದ್ದರಿಂದ ಗುಟ್ಟಿಗೆ ಅರ್ಥವಿಲ್ಲ.

ಗೆಳೆಯರೊಬ್ಬರು ‘ಬ್ಯಾಂಕಿನವರು ಗುರುತೇ ಇಲ್ಲದವನಿಗೆ ಹೇಗೆ ಸಾಲ ಕೊಡೋಕಾಗುತ್ತೆ? ತುರ್ತಿನಲ್ಲಿ ಸುಲಭದ ನಿಯಮ ಬೇಕಾಗಿತ್ತು’ ಎಂದು ವಾದಿಸಿದರು. ಅದರಲ್ಲಿ ಹುರುಳಿದೆ. ಆದರೆ ಒಂಬತ್ತು ವರ್ಷ ಅದೇ ಶಾಖೆಯಲ್ಲಿ ದುಡ್ಡು ಕಟ್ಟಿ ತೆಗೆದವನು, ಜಿಎಸ್‌ಟಿ ಲೆಕ್ಕ ಕೊಟ್ಟವನು ಗುರುತಿಲ್ಲದವನೇ? ಸಾಲ ಮಾಡಿದ್ದೇ ಗುರುತು ಎಂದಾದರೆ ಸಾಲ ಮಾಡದೆ ಬದುಕಿದ್ದು ತಪ್ಪಾಯಿತೇ? ಬಿಟ್ಟುಹೋದವರ ಲೆಕ್ಕ ಮೊದಲ ಮೂರು ತಿಂಗಳಲ್ಲೇ ಬೋರ್ಡಿನ ಮೇಲೆ ಬಂದಿದ್ದರೆ ಬಾಕಿ ಮಿತಿ ಏರಿಸಿದ ಹಾಗೇ ಇದನ್ನೂ ತಿದ್ದುತ್ತಿದ್ದರೋ ಏನೋ.

ಹಳೆಯ ವಿಷಯ ಈಗೇಕೆ ಎನ್ನಬೇಡಿ. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ರಫ್ತುದಾರರಿಗೆ 20,000 ಕೋಟಿವರೆಗಿನ ಸಾಲಕ್ಕೆ ಇದೇ ರೀತಿ ಪೂರ್ತಿ ಖಾತರಿ ಕೊಡುವ ಯೋಜನೆ ಒಪ್ಪಿತು. ಮುಂದೊಂದು ಬರಕ್ಕೆ, ಮುಂದೊಂದು ರೋಗಕ್ಕೆ ಇದೇ ಅಚ್ಚಿನಲ್ಲಿ ಮತ್ತೆ ಬರುತ್ತದೆ. ಆಗ ಕೋಳಿ ಸಾಕುವವರು, ಹಸು ಕಟ್ಟಿದವರು, ಹೂವಿನ ಬೆಳೆಗಾರರು ಯಾರು ಸೊನ್ನೆಯ ಸಾಲಿನಲ್ಲಿ ನಿಲ್ಲುತ್ತಾರೋ ಗೊತ್ತಿಲ್ಲ.

ಕೇಳುವುದು ಹೇಗೆ?

ನಾನು ಕಲಿತ ಪಾಠ ಇಷ್ಟು. ಬೆಳೆ ಸಾಲಕ್ಕೂ ಹಸುವಿನ ಸಾಲಕ್ಕೂ ಇದು ಅನ್ವಯಿಸುತ್ತದೆ.

ಬ್ಯಾಂಕಿನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ. ಬಾಯಿಮಾತಿಗೆ ‘ಇಲ್ಲ’ ಎಂದರೆ ನೀವು ಕೇಳಿದ್ದಕ್ಕೇ ದಾಖಲೆ ಇರುವುದಿಲ್ಲ. ಒಂದು ಹಾಳೆ ಅರ್ಜಿ ಬರೆದು ಕೊಡಿ. ಎರಡನೇ ಪ್ರತಿಯ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳಿ. ಸಣ್ಣ ಸಾಲದ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ತಿಂಗಳಾದರೂ ದೂರಿಗೆ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ. ಸಾಲ ಕೊಡಿ ಎಂದು ಅವರು ಬ್ಯಾಂಕಿಗೆ ಹೇಳಲಾರರು, ಆದರೆ ಉತ್ತರ ಕೊಡಿ ಎನ್ನಬಲ್ಲರು.

ಸರ್ಕಾರಿ ಬ್ಯಾಂಕುಗಳಿಗೆ ಮಾಹಿತಿ ಹಕ್ಕು ಅನ್ವಯಿಸುತ್ತದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಇನ್ನೊಬ್ಬರ ಹೆಸರು, ಖಾತೆ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಸೆಕ್ಷನ್ 8(1)(ಜೆ) ತೋರಿಸುತ್ತಾರೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಸೆಕ್ಷನ್ನನ್ನು ಇನ್ನಷ್ಟು ಬಿಗಿ ಮಾಡಿದೆ. ಅದಕ್ಕೇ ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ಈ ಶಾಖೆಗೆ ಇಂಥ ಯೋಜನೆಯಲ್ಲಿ ಬಂದ ಅರ್ಜಿ ಎಷ್ಟು, ಮಂಜೂರಾದದ್ದು ಎಷ್ಟು, ತಿರಸ್ಕರಿಸಿದ್ದು ಎಷ್ಟು, ಕಾರಣವಾರು ತಿಳಿಸಿ.’ ಸಂಖ್ಯೆಗೆ ಗುಟ್ಟು ಎನ್ನುವುದು ಅವರಿಗೂ ಕಷ್ಟ.

ಅಕ್ಕನ ಮಗ ಈಗ ಒಂದೇ ಲೇತಿನಲ್ಲಿ ದುಡಿಯುತ್ತಿದ್ದಾನೆ. ಹಗಲು ತನ್ನ ಶೆಡ್ಡು, ರಾತ್ರಿ ಪಾಳಿಯಲ್ಲಿ ಬೇರೆಯವರ ಕಾರ್ಖಾನೆ. ಹೋದ ಸುಗ್ಗಿಗೆ ಊರಿಗೆ ಬಂದಿದ್ದ. ‘ಈ ಸಲ ಬ್ಯಾಂಕಿಗೆ ಬರೆದೇ ಕೊಟ್ಟಿದ್ದೀನಿ ಮಾವ, ಸೀಲೂ ಹಾಕಿಸಿದ್ದೀನಿ’ ಎಂದು ಹಾಳೆ ತೆಗೆದು ತೋರಿಸಿದ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಬರೆಯುತ್ತೇನೆ.

ನಿಮ್ಮ ಮನೆಯಲ್ಲೂ ಇಂಥವರು ಇರಬಹುದು. ಕೊರೋನಾ ಕಾಲದಲ್ಲಿ ಬ್ಯಾಂಕಿನಿಂದ ಬರಿಗೈಲಿ ವಾಪಸ್ ಬಂದ ಅನುಭವ, ಸಾಲ ಪಡೆದು ಗೆದ್ದ ಅನುಭವ ಎರಡನ್ನೂ ಪತ್ರಿಕೆಗೆ ಬರೆಯಿರಿ. ಪಟ್ಟಿಯಲ್ಲಿ ಇಲ್ಲದವರ ಪಟ್ಟಿಯನ್ನು ನಾವೇ ಶುರು ಮಾಡೋಣ.